ವಾಟರ್ಲೂಗೆ ಮೊದಲು ಮಲಪ್ರಭೆ: ನೆಪೋಲಿಯನ್‌ನನ್ನು ಸೋಲಿಸಿದವನ ಬೆಳಗಾವಿ ಹಾದಿ

ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್‌ನ ನೆನಪಿನ ತಾಣಗಳನ್ನು ನೋಡಬಯಸುವವರು ಪ್ಯಾರಿಸ್ಸಿನ ಸಮಾಧಿಗೆ, ಬೆಲ್ಜಿಯಂನ ವಾಟರ್ಲೂ ಬಯಲಿಗೆ ಹೋಗುತ್ತಾರೆ. ಹಣ, ಸಮಯ ಎರಡೂ ಇದ್ದವರು ಅಟ್ಲಾಂಟಿಕ್ ಸಾಗರದ ನಡುವಿನ ಸೇಂಟ್ ಹೆಲೆನಾ ದ್ವೀಪವನ್ನೂ ಮುಟ್ಟಿ ಬರುತ್ತಾರೆ. ಗೋಕಾಕದ ಜಲಪಾತ ನೋಡಿ, ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ಸುತ್ತಿ ಮನೆಗೆ ಮರಳುವವರಿಗೆ ಆ ಚರಿತ್ರೆಯ ಒಂದು ಎಳೆ ತಮ್ಮ ಜಿಲ್ಲೆಯಲ್ಲಿಯೇ ಇದೆಯೆಂಬುದು ಬಹುಶಃ ಹೊಳೆಯದು. ಆ ಎಳೆಯ ಹೆಸರು ಆರ್ಥರ್ ವೆಲ್ಲೆಸ್ಲಿ. ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂದು ಜಗದ್ವಿಖ್ಯಾತನಾದ ಈತ ಸ್ವತಂತ್ರ ದಂಡನಾಯಕನಾಗಿ ದಂಡು ನಡೆಸಲು ಕಲಿತದ್ದು ಕನ್ನಡ ನಾಡಿನ ನದಿಗಳ ದಂಡೆಯ ಮೇಲೆ.

ಇಬ್ಬರೂ ಹುಟ್ಟಿದ್ದು 1769ರಲ್ಲಿ. ನೆಪೋಲಿಯನ್ ಕಾರ್ಸಿಕಾ ದ್ವೀಪದಲ್ಲಿ, ವೆಲ್ಲೆಸ್ಲಿ ಐರ್ಲೆಂಡಿನಲ್ಲಿ. 1797ರಲ್ಲಿ ಕಲ್ಕತ್ತೆಗೆ ಬಂದಿಳಿದ ವೆಲ್ಲೆಸ್ಲಿಗೆ ಹೇಳಿಕೊಳ್ಳುವಂಥ ಕೀರ್ತಿಯೇನೂ ಇರಲಿಲ್ಲ. ಅಣ್ಣ ರಿಚರ್ಡ್ ಮರುವರ್ಷ ಗವರ್ನರ್ ಜನರಲ್ ಆಗಿ ಬಂದದ್ದು ಆತನ ಅದೃಷ್ಟ. ಆ ಹೊತ್ತಿಗೆ ನೆಪೋಲಿಯನ್ ಈಜಿಪ್ಟಿನಲ್ಲಿದ್ದ. 1799ರ ಜನವರಿಯಲ್ಲಿ ಆತ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ಶ್ರೀರಂಗಪಟ್ಟಣವನ್ನು ತಲುಪಲೇ ಇಲ್ಲ. ದಾರಿಯಲ್ಲಿಯೇ ಇಂಗ್ಲಿಷರ ಕೈಸೇರಿತು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ. ಅದಕ್ಕೆ ಒಂದು ತಿಂಗಳು ಮೊದಲು ಸುಲ್ತಾನಪೇಟೆಯ ತೋಪಿನಲ್ಲಿ ರಾತ್ರಿ ದಾಳಿಗೆ ಹೋಗಿ ದಿಕ್ಕು ತಪ್ಪಿ ಹಿಮ್ಮೆಟ್ಟಿದ್ದ ವೆಲ್ಲೆಸ್ಲಿ, ಗೆಲುವಿನ ಮರುದಿನವೇ ಪಟ್ಟಣದ ಆಡಳಿತ ವಹಿಸಿಕೊಂಡ. ಟಿಪ್ಪುವಿನ ದರಿಯಾ ದೌಲತ್ ಆತನ ನಿವಾಸವಾಯಿತು. ಅಲ್ಲಿನ ಗೋಡೆಯ ಮೇಲೆ ಇಂಗ್ಲಿಷರು ಪೊಳ್ಳಿಲೂರಿನಲ್ಲಿ ಸೋತ ಕದನದ ಚಿತ್ರವಿದೆ. ಮಾಸಿದ್ದ ಆ ಚಿತ್ರಕ್ಕೆ ಮತ್ತೆ ಬಣ್ಣ ಹಾಕಿಸಿದವನು ಇದೇ ವೆಲ್ಲೆಸ್ಲಿ. (ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೂ ಈತನದೇ ಹೆಸರೆಂದು ಪ್ರವಾಸಿಗರು ತಿಳಿಯುವುದುಂಟು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ಆ ಸೇತುವೆಗೆ ಇಟ್ಟದ್ದು ಅಣ್ಣನ ಹೆಸರು.)

ಬೆಳಗಾವಿ ಸೀಮೆಗೆ ಆತನನ್ನು ಎಳೆದು ತಂದವನು ಧೋಂಡಿಯಾ ವಾಘ್. ಚನ್ನಗಿರಿಯ ಈ ಮರಾಠಾ ಸವಾರ ಹೈದರನ ಸೈನ್ಯದಲ್ಲಿದ್ದು, ಟಿಪ್ಪುವಿನ ಸೆರೆಮನೆಯಲ್ಲಿ ಕೊಳೆಯುತ್ತಿದ್ದವನು. ಕೋಟೆ ಬಿದ್ದ ದಿನ ಹೊರಬಿದ್ದು, ಚದುರಿದ್ದ ಸವಾರರನ್ನು ಕೂಡಿಸಿಕೊಂಡು, ಉಭಯ ಲೋಕಾಧೀಶ್ವರನೆಂಬ ಬಿರುದನ್ನು ತಾನೇ ಧರಿಸಿದ. 1800ರ ಜೂನ್ 30ರಂದು ಕಿತ್ತೂರಿನ ಬಳಿ ಮರಾಠಾ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದ ಮೇಲಂತೂ ಈ ಭಾಗದಲ್ಲಿ ಅವನಿಗೆ ಎದುರಿಲ್ಲದಂತಾಯಿತು.

ಬೆನ್ನಟ್ಟಿ ಬಂದ ವೆಲ್ಲೆಸ್ಲಿ ಜುಲೈ 30ರಂದು ಮಲಪ್ರಭೆಯ ದಂಡೆ ಮುಟ್ಟಿದ. ನದಿ ತುಂಬಿ ಹರಿಯುತ್ತಿತ್ತು. ಧೋಂಡಿಯಾನ ದಂಡಿನ ಒಂದು ಭಾಗ ಸರಂಜಾಮುಗಳೊಡನೆ ಮುನವಳ್ಳಿಯ ಎದುರು ದಂಡೆಯಲ್ಲಿ ಬೀಡುಬಿಟ್ಟು, ಹೊಳೆ ದಾಟುವ ತರಾತುರಿಯಲ್ಲಿತ್ತು. ಒಂದೇ ದಿನದಲ್ಲಿ 26 ಮೈಲಿ ನಡೆದು ಬಂದಿದ್ದ ಇಂಗ್ಲಿಷ್ ಸೈನ್ಯ ವಿಶ್ರಮಿಸದೆ ಮೇಲೆರಗಿತು. ಕತ್ತಿಗೆ ಸಿಕ್ಕವರು ಸತ್ತರು, ಉಳಿದವರು ಹೊಳೆಗೆ ಬಿದ್ದರು. ಆಚೆ ದಡಕ್ಕೆ ಆಗಲೇ ಸಾಗಿಸಿದ್ದ ತೋಪುಗಳನ್ನೂ ಬಿಡದೆ, ಕೆಲ ಸೈನಿಕರು ಈಜಿ ಹೋಗಿ ದೋಣಿ ಹಿಡಿದು ವಶಪಡಿಸಿಕೊಂಡರು. ಆನೆ, ಒಂಟೆ, ಎತ್ತುಗಳು ಸಿಕ್ಕ ವಿವರ ವೆಲ್ಲೆಸ್ಲಿಯ ವರದಿಯಲ್ಲಿದೆ. ಮಲಪ್ರಭೆಯಲ್ಲಿ ಮುಳುಗಿದವರ ಹೆಸರುಗಳು ಅದರಲ್ಲಿಲ್ಲ. ಅವರಲ್ಲಿ ಎಷ್ಟು ಜನ ಸೈನಿಕರು, ಎಷ್ಟು ಜನ ಹೊಟ್ಟೆಪಾಡಿಗೆ ದಂಡಿನ ಹಿಂದೆ ಬಂದ ಬಡವರು ಎಂಬುದನ್ನು ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಾರದು.

ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ಧೋಂಡಿಯಾನ ಕಥೆ ಮುಗಿಯಿತು. ನಾಲ್ಕು ಅಶ್ವದಳಗಳ ಮುಂದೆ ನಿಂತು ದಾಳಿ ನಡೆಸಿದವನು ಸ್ವತಃ ವೆಲ್ಲೆಸ್ಲಿ. ಸರಂಜಾಮುಗಳ ನಡುವೆ ಧೋಂಡಿಯಾನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದ. ಕೊಂದವನೇ ಆ ಮಗುವಿನ ಪೋಷಣೆಯ ಭಾರ ಹೊತ್ತ. ಭಾರತ ಬಿಡುವಾಗ ಅವನ ಖರ್ಚಿಗೆಂದು ಹಣವನ್ನೂ ಇರಿಸಿ ಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆ ಸೇರಿದ.

1803ರ ಮಾರ್ಚಿನಲ್ಲಿ ವೆಲ್ಲೆಸ್ಲಿ ಮತ್ತೆ ಬಂದ. ಈ ಬಾರಿ ಪೇಶ್ವೆ ಎರಡನೆಯ ಬಾಜಿರಾಯನನ್ನು ಗದ್ದುಗೆಗೆ ಮರಳಿ ಕೂಡಿಸುವ ನೆಪ. ಹರಿಹರದಿಂದ ಹೊರಟ ಸೈನ್ಯ ಮಲಪ್ರಭೆಯನ್ನೂ, ಇಂದಿನ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಜೀವನಾಡಿಯಾದ ಘಟಪ್ರಭೆಯನ್ನೂ, ಕೃಷ್ಣೆಯನ್ನೂ ದಾಟಿ ಮಿರಜ್ ಮೂಲಕ ಏಪ್ರಿಲ್ 20ರಂದು ಪುಣೆ ತಲುಪಿತು. ತುಂಬಿದ ಹೊಳೆ ದಂಡನ್ನು ಹೇಗೆ ಕಟ್ಟಿಹಾಕುತ್ತದೆಂಬುದನ್ನು ಮೂರು ವರ್ಷಗಳ ಹಿಂದೆ ಕಂಡಿದ್ದ ಆತ ಚರ್ಮ ಹೊದಿಸಿದ ಹರಿಗೋಲುಗಳನ್ನು ಕಟ್ಟಲು ಆಜ್ಞೆ ಮಾಡಿದ್ದ. ತೋಪು ಎಳೆಯಲು ಮೈಸೂರಿನ ಅಮೃತಮಹಲ್ ಎತ್ತುಗಳಿದ್ದವು. ಅದೇ ಸೆಪ್ಟೆಂಬರಿನಲ್ಲಿ ಅಸ್ಸಾಯೆ ಯುದ್ಧ ಗೆದ್ದ. ಮುಂದೆ ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಫ್ರೆಂಚರನ್ನು ವರ್ಷಗಟ್ಟಲೆ ಸತಾಯಿಸಿದ ಆತನ ಬಲವೂ ದಾಣಿ, ಎತ್ತು, ಗಾಡಿಗಳ ಈ ಲೆಕ್ಕಾಚಾರವೇ ಆಗಿತ್ತು.

1805ರಲ್ಲಿ ಸ್ವದೇಶಕ್ಕೆ ಮರಳುವಾಗ ಹಡಗು ಸೇಂಟ್ ಹೆಲೆನಾದಲ್ಲಿ ನಿಂತಿತು. ವೆಲ್ಲೆಸ್ಲಿ ತಂಗಿದ್ದು ಬ್ರಯರ್ಸ್ ಎಂಬ ಮನೆಯಲ್ಲಿ. 1815ರ ಜೂನ್ 18ರಂದು ವಾಟರ್ಲೂನಲ್ಲಿ ಸೋತ ನೆಪೋಲಿಯನ್, ಅಕ್ಟೋಬರಿನಲ್ಲಿ ಅದೇ ದ್ವೀಪಕ್ಕೆ ಸೆರೆಯಾಳಾಗಿ ಬಂದು ಮೊದಲ ವಾರಗಳನ್ನು ಕಳೆದದ್ದೂ ಅದೇ ಬ್ರಯರ್ಸ್‌ನಲ್ಲಿ! ಪ್ಯಾರಿಸ್ಸಿನಲ್ಲಿ ನೆಪೋಲಿಯನ್‌ನ ಅರಮನೆಯಲ್ಲಿದ್ದ ವೆಲ್ಲಿಂಗ್ಟನ್ ಮರುವರ್ಷ ಪತ್ರವೊಂದರಲ್ಲಿ ಈ ಅದಲುಬದಲನ್ನು ನೆನೆದು ತಮಾಷೆ ಮಾಡಿದ. ನಂತರ ಲಾಂಗ್‌ವುಡ್ ಮನೆಗೆ ಸಾಗಿಸಲ್ಪಟ್ಟ ಚಕ್ರವರ್ತಿ 1821ರ ಮೇ 5ರಂದು ಅಲ್ಲಿಯೇ ಕೊನೆಯುಸಿರೆಳೆದ. ವೆಲ್ಲಿಂಗ್ಟನ್ ಬ್ರಿಟನ್ನಿನ ಪ್ರಧಾನಿಯಾಗಿ, 1852ರಲ್ಲಿ ತೀರಿಕೊಂಡು, ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ಮಣ್ಣಾದ. ಆತನ ಲಂಡನ್ ನಿವಾಸದ ಮೆಟ್ಟಿಲ ಬಳಿ ನೆಪೋಲಿಯನ್‌ನ ಭಾರೀ ಅಮೃತಶಿಲೆ ಪ್ರತಿಮೆ ಇಂದಿಗೂ ನಿಂತಿದೆ.

ಬ್ರಯರ್ಸ್, ಲಾಂಗ್‌ವುಡ್ ಎರಡೂ ಈಗ ಫ್ರಾನ್ಸಿನ ಸ್ವತ್ತು. ಸೇಂಟ್ ಹೆಲೆನಾಕ್ಕೆ 2017ರಿಂದ ನಿಯಮಿತ ವಿಮಾನ ಸಂಚಾರ ಆರಂಭವಾಯಿತು. ವಾಟರ್ಲೂನ ಸಿಂಹದಿಬ್ಬಕ್ಕೆ 226 ಮೆಟ್ಟಿಲು ಹತ್ತಬೇಕು. ಸವದತ್ತಿ ಸಮೀಪದ ಮುನವಳ್ಳಿಗಾದರೆ ಗೋಕಾಕದಿಂದ ಯರಗಟ್ಟಿ ಮಾರ್ಗವಾಗಿ ಹೋಗಿ ಬರಲು ಅರ್ಧ ದಿನ ಸಾಕು. ಊರಿನ ಕೋಟೆ, ಪಂಚಲಿಂಗೇಶ್ವರ ಗುಡಿ ನೋಡಿಕೊಂಡು ಹೊಳೆಯ ದಂಡೆಗೆ ಇಳಿಯಬಹುದು. ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟೆ ಎದ್ದ ಮೇಲೆ ಮಲಪ್ರಭೆ 1800ರ ಜುಲೈನಲ್ಲಿ ಹರಿದಂತೆ ಪ್ರತಿ ಮಳೆಗಾಲವೂ ಹರಿಯುವುದಿಲ್ಲ.