ಮೇರಿ ಬ್ರಾಡ್‌ಫುಟ್ ವಾಕರ್

ಮೇರಿ ಬ್ರಾಡ್‌ಫುಟ್ ವಾಕರ್ (೧೮೮೮–೧೯೭೪) ಸ್ಕಾಟ್ಲೆಂಡಿನ ವೈದ್ಯೆ. ಮಯಸ್ತೀನಿಯಾ ಗ್ರೇವಿಸ್ ಎಂಬ ವಿರಳ ಸ್ವಯಂ ಪ್ರತಿರಕ್ಷಣಾ ರೋಗದಲ್ಲಿ ಸ್ನಾಯುಗಳ ಬಲವನ್ನು ಮರಳಿಸಬಲ್ಲ ಔಷಧವನ್ನು ೧೯೩೪ರಲ್ಲಿ ವೈದ್ಯಲೋಕದ ಗಮನಕ್ಕೆ ತಂದವರು. ಆ ಚಿಕಿತ್ಸೆಯೇ ಮುಂದೆ ರೋಗವನ್ನು ಖಚಿತವಾಗಿ ಗುರುತಿಸುವ ಪರೀಕ್ಷೆಯೂ ಆಯಿತು.

ಆರಂಭಿಕ ಜೀವನ

ವಾಕರ್ ಅವರು ಸ್ಕಾಟ್ಲೆಂಡಿನ ವಿಗ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವೈದ್ಯಕೀಯ ಶಿಕ್ಷಣ ಪಡೆದು ೧೯೧೩ರಲ್ಲಿ ಪದವೀಧರರಾದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯಕೀಯ ದಳದೊಡನೆ ಸೇವೆ ಸಲ್ಲಿಸಿದ ಬಳಿಕ, ೧೯೨೦ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಸೇಂಟ್ ಆಲ್ಫೀಜ್ ಆಸ್ಪತ್ರೆಯನ್ನು ಸಹಾಯಕ ವೈದ್ಯಾಧಿಕಾರಿಯಾಗಿ ಸೇರಿದರು. ಅದು ಬಡವರ ಆಸ್ಪತ್ರೆ. ಸಂಶೋಧನೆಗೆ ಹೆಸರಾದ ಬೋಧನಾ ಆಸ್ಪತ್ರೆಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿರಲಿಲ್ಲ.

ರೋಗದ ಹಿನ್ನೆಲೆ

ಈ ರೋಗದಲ್ಲಿ ದಿನ ಕಳೆದಂತೆ ರೆಪ್ಪೆಗಳು ಜೋತುಬೀಳುತ್ತವೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಅಗಿಯುವುದೂ ನುಂಗುವುದೂ ಕಷ್ಟವಾಗುತ್ತದೆ, ಮಾತು ಮೂಗಿನಲ್ಲಿ ಹೊರಡುತ್ತದೆ. ವಿಶ್ರಾಂತಿ ಪಡೆದರೆ ಬಲ ಸ್ವಲ್ಪ ಮರಳುತ್ತದೆ. ಬೆಳಿಗ್ಗೆ ಆರೋಗ್ಯವಂತರಂತೆ ತೋರಿ ಸಂಜೆಗೆ ಕುಸಿಯುವ ಈ ಸ್ವಭಾವದಿಂದಾಗಿಯೇ ರೋಗಿಗಳ ಮಾತನ್ನು ನಂಬುವವರು ಕಡಿಮೆಯಿದ್ದರು. ಮನೋದೌರ್ಬಲ್ಯ ಅಥವಾ ಹಿಸ್ಟೀರಿಯಾ ಎಂಬ ಹಣೆಪಟ್ಟಿ ಹಚ್ಚಿ ಕಳುಹಿಸುವುದೂ ಇತ್ತು. ಜರ್ಮನಿಯ ಯೋಲಿ ೧೮೯೫ರಲ್ಲಿ ರೋಗಕ್ಕೆ ಈ ಹೆಸರು ಕೊಟ್ಟ ಮೇಲೂ ಕಾರಣ ತಿಳಿದಿರಲಿಲ್ಲ. ಶವಪರೀಕ್ಷೆಯಲ್ಲಿ ನರಗಳೂ ಮಿದುಳೂ ಸರಿಯಾಗಿಯೇ ಕಾಣುತ್ತಿದ್ದವು. ಎಫೆಡ್ರಿನ್‌ನಿಂದ ಕೆಲವರಿಗೆ ಅಷ್ಟಿಷ್ಟು ಉಪಶಮನವಾಗುತ್ತಿತ್ತು. ಉಳಿದವರಿಗೆ ಹಾಸಿಗೆಯೇ ಗತಿ, ಉಸಿರಾಟದ ಸ್ನಾಯುಗಳು ಸೋತಾಗ ಸಾವು.

೧೯೩೪ರ ಪ್ರಯೋಗ

ಸೇಂಟ್ ಆಲ್ಫೀಜ್‌ನಲ್ಲಿ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ವಾಕರ್, ಭೇಟಿಗೆ ಬರುತ್ತಿದ್ದ ನರರೋಗ ತಜ್ಞ ಡೆರೆಕ್ ಡೆನಿ-ಬ್ರೌನ್ ಅವರೊಡನೆ ರೋಗದ ಸ್ವರೂಪವನ್ನು ಚರ್ಚಿಸಿದರು. ಅದು ಕ್ಯುರಾರೆ ವಿಷದ ಪರಿಣಾಮವನ್ನು ಹೋಲುತ್ತದೆ ಎಂದು ಅವರು ಅಭಿಪ್ರಾಯಪಟ್ಟರು. ಕ್ಯುರಾರೆ ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ, ಸ್ನಾಯುಗಳನ್ನು ನಿಶ್ಚಲಗೊಳಿಸುವ ವಿಷ. ಅದಕ್ಕೆ ಭಾಗಶಃ ಪ್ರತಿವಿಷವಾಗಬಲ್ಲ ಫೈಸೊಸ್ಟಿಗ್ಮಿನ್ ಆಗಲೇ ತಿಳಿದಿತ್ತು. ಪಶ್ಚಿಮ ಆಫ್ರಿಕಾದ ಕಲಬಾರ್ ಬೀಜದಿಂದ ಅದನ್ನು ಪಡೆಯುತ್ತಿದ್ದರು. ಹೋಲಿಕೆ ನಿಜವಾಗಿದ್ದರೆ ಆ ಪ್ರತಿವಿಷ ಇಲ್ಲಿಯೂ ಫಲಿಸಬೇಕು ಎಂದು ತರ್ಕಿಸಿದ ವಾಕರ್, ಓರ್ವ ಮಹಿಳೆಗೆ ಅದನ್ನು ಚರ್ಮದಡಿಯ ಚುಚ್ಚುಮದ್ದಾಗಿ ಕೊಟ್ಟರು. ಜೋತುಬಿದ್ದಿದ್ದ ರೆಪ್ಪೆ ಮೇಲೆದ್ದಿತು, ತೋಳುಗಳಿಗೆ ಬಲ ಬಂದಿತು, ನುಂಗುವುದು ಸುಲಭವಾಯಿತು. ಕೆಲವೇ ಗಂಟೆಗಳಲ್ಲಿ ಪರಿಣಾಮ ಇಳಿದುಹೋಯಿತು. ಮತ್ತೆ ಕೊಟ್ಟಾಗ ಮತ್ತೆ ಫಲಿಸಿತು.

೧೯೩೪ರ ಜೂನ್ ೨ರ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಅನುಭವವು ಒಂದು ಚಿಕ್ಕ ಪತ್ರದ ರೂಪದಲ್ಲಿ ಪ್ರಕಟವಾಯಿತು. ಮರುವರ್ಷ ಅವರು ಇದೇ ಗುಂಪಿನ ಕೃತಕ ಔಷಧವಾದ ಪ್ರೊಸ್ಟಿಗ್ಮಿನ್ (ನಿಯೊಸ್ಟಿಗ್ಮಿನ್) ಬಳಸಿ, ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ತಜ್ಞರ ಎದುರಿಗೇ ಫಲಿತಾಂಶವನ್ನು ತೋರಿಸಿದರು. ಕಣ್ಣಾರೆ ಕಾಣುವವರೆಗೆ ನಂಬದಿದ್ದವರೂ ಇದ್ದರು. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಜರ್ಮನಿಯ ಲಾಜರ್ ರೆಮೆನ್ ೧೯೩೨ರಲ್ಲೇ ಒಬ್ಬ ರೋಗಿಯಲ್ಲಿ ಪ್ರೊಸ್ಟಿಗ್ಮಿನ್‌ನ ಇಂಥದೇ ಪರಿಣಾಮವನ್ನು ದಾಖಲಿಸಿದ್ದರು, ಆದರೆ ಅದರ ಮಹತ್ವ ಯಾರ ಗಮನಕ್ಕೂ ಬಂದಿರಲಿಲ್ಲ.

ಔಷಧ ಕೊಟ್ಟೊಡನೆ ಬಲ ಮರಳಿದರೆ ರೋಗ ಇದೇ ಎಂಬುದು ಬಹುಮಟ್ಟಿಗೆ ಖಚಿತ. ಹೀಗೆ, ಅನುಮಾನಕ್ಕೆ ಗುರಿಯಾಗಿದ್ದ ರೋಗಿಗೆ ಮೊದಲ ಬಾರಿಗೆ ಒಂದು ಸಾಕ್ಷ್ಯ ದೊರೆಯಿತು.

ಇತರ ಕೊಡುಗೆಗಳು

೧೯೩೫ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವು ಅವರ ಎಂ.ಡಿ. ಪ್ರಬಂಧಕ್ಕೆ ಚಿನ್ನದ ಪದಕ ನೀಡಿತು. ೧೯೩೭ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ಆವರ್ತಕ ಪಾರ್ಶ್ವವಾಯುವಿಗೂ ರಕ್ತದ ಪೊಟ್ಯಾಸಿಯಂ ಕುಸಿತಕ್ಕೂ ಇರುವ ಸಂಬಂಧ ಬೆಳಕಿಗೆ ಬಂದಿತು. ೧೯೩೮ರಲ್ಲಿ ಅವರು ವರ್ಣಿಸಿದ ಒಂದು ಲಕ್ಷಣ ಇಂದಿಗೂ ಅವರ ಹೆಸರಿನಲ್ಲಿದೆ. ೧೯೬೨ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅವರಿಗೆ ಜೀನ್ ಹಂಟರ್ ಬಹುಮಾನ ನೀಡಿತು. ಮಹತ್ವದ ಶೋಧಕ್ಕೂ ಈ ಗೌರವಕ್ಕೂ ನಡುವೆ ಇಪ್ಪತ್ತೆಂಟು ವರ್ಷಗಳ ಅಂತರವಿದೆ.

ನಂತರದ ಬೆಳವಣಿಗೆ

ವಾಕರ್ ಅವರ ಔಷಧ ಲಕ್ಷಣಗಳನ್ನು ತಗ್ಗಿಸುತ್ತಿತ್ತೇ ಹೊರತು ಮೂಲವನ್ನು ಮುಟ್ಟುತ್ತಿರಲಿಲ್ಲ. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಇಲ್ಲಿ ಅಪರಾಧಿಗಳಿರಬಹುದೆಂದು ಗ್ಲಾಸ್ಗೋದ ಜಾನ್ ಸಿಂಪ್ಸನ್ ೧೯೬೦ರಲ್ಲಿ ಊಹಿಸಿದರು. ೧೯೭೩ರಲ್ಲಿ ಅದಕ್ಕೆ ಬಲವಾದ ಆಧಾರ ದೊರೆತದ್ದು ಹಾವಿನ ವಿಷದ ನೆರವಿನಿಂದ. ಏಷ್ಯಾದ ಪಟ್ಟೆ ಕಟ್ಟುಹಾವಿನ ವಿಷದಲ್ಲಿರುವ ಬಂಗರೊಟಾಕ್ಸಿನ್, ನರದ ಸಂದೇಶವನ್ನು ಸ್ವೀಕರಿಸುವ ಸ್ನಾಯುವಿನ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಬಳಸಿ ಎಣಿಸಿದಾಗ ರೋಗಿಗಳಲ್ಲಿ ಈ ಗ್ರಾಹಕಗಳು ತೀರ ಕಡಿಮೆಯಿರುವುದು ಕಂಡಿತು. ಇಂದು ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ, ಪ್ರತಿರಕ್ಷೆಯನ್ನು ತಗ್ಗಿಸುವ ಔಷಧಗಳು, ಥೈಮಸ್ ಗ್ರಂಥಿಯ ಶಸ್ತ್ರಚಿಕಿತ್ಸೆ ಎಲ್ಲವೂ ಲಭ್ಯವಿವೆ.

ಕರ್ನಾಟಕದ ಓದುಗರಿಗೆ ವಾಕರ್ ಬಳಸಿದ ಔಷಧ ಇನ್ನೊಂದು ದಾರಿಯಿಂದಲೂ ಹತ್ತಿರದ್ದು. ಬಾದಾಮಿ, ಹುನಗುಂದದ ಕಡೆಯ ಹೊಲಗಳಲ್ಲಿ ನಾಗರಹಾವೂ ಕಟ್ಟುಹಾವೂ ಹೊಸದಲ್ಲ. ನಾಗರಹಾವು ಕಚ್ಚಿ ರೆಪ್ಪೆ ಜೋತುಬಿದ್ದವರಿಗೆ ಪ್ರತಿವಿಷದ ಜೊತೆಗೆ ಅಟ್ರೊಪಿನ್ ಸಹಿತ ನಿಯೊಸ್ಟಿಗ್ಮಿನ್ ಕೊಡುವುದು ಭಾರತದ ಚಿಕಿತ್ಸಾ ಕ್ರಮದಲ್ಲಿದೆ. ಕಟ್ಟುಹಾವಿನ ಕಡಿತದಲ್ಲಿ ವಿಷವು ಹೆಚ್ಚಾಗಿ ನರದ ತುದಿಯನ್ನೇ ಹಾಳುಗೆಡಹುವುದರಿಂದ ಅದು ಅಷ್ಟಾಗಿ ಫಲಿಸುವುದಿಲ್ಲ.

ನಿವೃತ್ತಿಯ ಬಳಿಕ ಸ್ಕಾಟ್ಲೆಂಡಿಗೆ ಮರಳಿದ ವಾಕರ್ ೧೯೭೪ರಲ್ಲಿ ನಿಧನರಾದರು.