ಮಠವಿಲ್ಲದ ಸ್ವಾಮಿ, ಮಂತ್ರಿಯಾಗದ ಲೀಡರು

ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಸ್ವಾಮಿ ರಮಾನಂದ ತೀರ್ಥರು ಯಾರೆಂದು ಕೇಳಿ ನೋಡಿ. ಯಾವ ಮಠದವರ್ರೀ ಅಂತ ಮರುಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ಕಾವಿ ತೊಟ್ಟವರೇನೋ ಹೌದು. ಆದರೆ ಮಠ ಇರಲಿಲ್ಲ, ಗದ್ದುಗೆ ಇರಲಿಲ್ಲ. ಇದ್ದದ್ದು ಒಂದೇ ಒಂದು ಪಕ್ಷ, ಅದೂ ಸರಿಯಾಗಿ ಹುಟ್ಟುವ ಮೊದಲೇ ನಿಜಾಮ ಸರ್ಕಾರ ನಿಷೇಧ ಹಾಕಿದ ಪಕ್ಷ.

ಅವರ ಮೊದಲ ಹೆಸರು ವೆಂಕಟೇಶ ಖೇಡಗೀಕರ. ೧೯೦೩ರಲ್ಲಿ ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದರು. ಆಗ ನಮ್ಮ ಲಿಂಗಸುಗೂರು ಇನ್ನೂ ಜಿಲ್ಲಾ ಕೇಂದ್ರ. ಆ ಪದವಿ ಹೋದದ್ದು ೧೯೦೫ರಲ್ಲಿ. ಓದಿದ್ದೆಲ್ಲ ಮರಾಠಿ ಸೀಮೆಯಲ್ಲಿ. ಕಾರ್ಮಿಕ ಮುಖಂಡ ಎನ್.ಎಂ. ಜೋಶಿಯವರ ಕೈಕೆಳಗೆ ಕೆಲವು ಕಾಲ ದುಡಿದು, ಉಸ್ಮಾನಾಬಾದ್ ಕಡೆಯ ಹಿಪ್ಪರಗಾ ಶಾಲೆಗೆ ಮಾಸ್ತರರಾಗಿ ಬಂದರು. ೧೯೩೨ರಲ್ಲಿ ಸನ್ಯಾಸ. ಸನ್ಯಾಸಿಯಾದವರು ಊರು ಬಿಟ್ಟು ಕಾಡು ಸೇರುವುದು ವಾಡಿಕೆ. ಇವರು ರಾಜಕೀಯ ಸೇರಿದರು!

ನಿಜಾಮನ ರಾಜ್ಯದಲ್ಲಿ ರಾಜಕೀಯ ಅಂದರೆ ಈಗಿನ ಹಾಗೆ ಮೈಕು, ಶಾಲು, ಹಾರ ಅಲ್ಲ. ಗಸ್ತಿ ನಿಶಾನ್ ೫೩ ಅಂತ ಒಂದು ಹುಕುಂ ಇತ್ತು. ಪರವಾನಗಿ ಇಲ್ಲದೆ ಸಭೆ ಕೂಡಿಸುವ ಹಾಗಿಲ್ಲ. ೧೯೩೮ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ ಸೆಪ್ಟೆಂಬರ್‌ನಲ್ಲೇ ನಿಷೇಧ ಬಿತ್ತು. ಅಕ್ಟೋಬರ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಸ್ವಾಮೀಜಿ ಒಂದು ತಂಡದ ಮುಂದಾಳಾಗಿ ಹೋಗಿ ಹದಿನೆಂಟು ತಿಂಗಳ ಶಿಕ್ಷೆ ತಿಂದರು. ಹೊರಗೆ ಬಂದರು, ೧೯೪೦ರಲ್ಲಿ ಮತ್ತೆ ಒಳಗೆ ಹೋದರು. ನಿಷೇಧ ತೆರವಾದದ್ದು ೧೯೪೬ರಲ್ಲಿ. ಎಂಟು ವರ್ಷ ಹೆಸರು ಹೇಳಿಕೊಳ್ಳಲಾಗದ ಪಕ್ಷವನ್ನು ಅವರ ಕಾರ್ಯಕರ್ತರು ಕರ್ನಾಟಕ ಪರಿಷತ್ತು, ಮಹಾರಾಷ್ಟ್ರ ಪರಿಷತ್ತು, ಆಂಧ್ರ ಮಹಾಸಭೆ ಎಂಬ ಹೆಸರುಗಳ ಮರೆಯಲ್ಲಿ ಜೀವಂತ ಇಟ್ಟರು. ಬೋರ್ಡಿಲ್ಲದ ಅಂಗಡಿ ನಡೆಸುವುದು ಎಷ್ಟು ಕಷ್ಟವೆಂದು ವ್ಯಾಪಾರಸ್ಥರಿಗೆ ಬೇರೆ ಹೇಳಬೇಕೆ?

೧೯೪೭ರ ಜೂನ್‌ನಲ್ಲಿ ಮೊದಲ ಬಹಿರಂಗ ಅಧಿವೇಶನ, ಸ್ವಾಮೀಜಿಯೇ ಅಧ್ಯಕ್ಷರು. ಭಾರತಕ್ಕೆ ಸೇರಲೇಬೇಕೆಂಬ ಚಳವಳಿ ಆಗಸ್ಟ್ ೭ಕ್ಕೆ ಆರಂಭ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಆಗಸ್ಟ್ ೧೫ರಂದು ಬೆಳಗಾಗುವುದರೊಳಗೆ ಅವರು ಜೈಲಿನಲ್ಲಿದ್ದರು. ನವೆಂಬರ್ ಕೊನೆಗೆ ಬಿಟ್ಟರು, ಎರಡು ತಿಂಗಳೂ ಆಗಿರಲಿಲ್ಲ, ೧೯೪೮ರ ಜನವರಿಯಲ್ಲಿ ಪುನಃ ಹಿಡಿದರು.

ಆ ವರ್ಷ ನಮ್ಮ ರಾಯಚೂರು ಜಿಲ್ಲೆ ಕಂಡ ಪಾಡು ಹಿರಿಯರಿಂದ ಕೇಳಿದವರಿಗೇ ಗೊತ್ತು. ಒಳಗೆ ರಜಾಕಾರರ ಹಾವಳಿ. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಅಲ್ಲಿಂದ ಹುಡುಗರು ಬಂದು ಕರೋಡಗಿರಿ ನಾಕಾಗಳ ಮೇಲೆ ಬೀಳುತ್ತಿದ್ದರು. ಗಾಂಧಿ ಪಕ್ಷದವರ ಕೈಗೆ ಬಂದೂಕು ಬಂದದ್ದು ಸರಿಯೋ ತಪ್ಪೋ, ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಬಾಗಿಲು ಮುಂದೆ ರಜಾಕಾರ ನಿಂತಿದ್ದಾಗ ಚರ್ಚೆಗೆ ಪುರಸೊತ್ತು ಎಲ್ಲಿತ್ತು? ಸೆಪ್ಟೆಂಬರ್ ೧೩ಕ್ಕೆ ಭಾರತದ ಸೈನ್ಯ ನುಗ್ಗಿತು, ಹೊಸಪೇಟೆ ಕಡೆಯಿಂದಲೂ ತುಂಗಭದ್ರೆ ದಾಟಿತು. ೧೭ಕ್ಕೆ ನಿಜಾಮ ಶರಣಾದ, ಸ್ವಾಮೀಜಿ ಹೊರಬಂದರು.

ಇಲ್ಲಿಂದ ಮುಂದಿನದೇ ನಮಗೆ ಮುಖ್ಯ. ಜೈಲು ಕಂಡ ಲೀಡರು ಮುಖ್ಯಮಂತ್ರಿಯಾಗಬೇಕಿತ್ತಲ್ಲವೇ? ಆ ಖುರ್ಚಿಯಲ್ಲಿ ೧೯೫೨ರಲ್ಲಿ ಕೂತವರು ಪಕ್ಷದೊಳಗೇ ಅವರ ಎದುರು ಬಣದ ಬೂರ್ಗುಲ ರಾಮಕೃಷ್ಣರಾಯರು. ಸ್ವಾಮೀಜಿ ಗುಲ್ಬರ್ಗಾದಿಂದ ಲೋಕಸಭೆಗೆ ಹೋದರು, ೧೯೫೭ರಲ್ಲಿ ಔರಂಗಾಬಾದಿನಿಂದ. ಮಂತ್ರಿಯಾಗಲೇ ಇಲ್ಲ. ಮುನಿಸಿಕೊಂಡು ಬೇರೆ ಅಂಗಡಿಯನ್ನೂ ತೆರೆಯಲಿಲ್ಲ.

ಅವರು ಹಿಡಿದ ಹಟ ಬೇರೆಯೇ ಇತ್ತು. ಹೈದರಾಬಾದ್ ರಾಜ್ಯವನ್ನೇ ಭಾಷೆ ಪ್ರಕಾರ ಒಡೆಯಬೇಕು. ತಾವೇ ಬಿಡಿಸಿದ ರಾಜ್ಯ, ತಾವೇ ಕಟ್ಟಿದ ಪಕ್ಷದ ಘಟಕ ಎರಡೂ ಇಲ್ಲವಾಗುತ್ತವೆಂದು ಗೊತ್ತಿದ್ದೇ ಕೇಳಿದರು. ೧೯೫೬ರ ನವೆಂಬರ್ ೧ಕ್ಕೆ ರಾಯಚೂರು, ಗುಲ್ಬರ್ಗಾ, ಬೀದರ ಮೈಸೂರು ರಾಜ್ಯಕ್ಕೆ ಬಂದವು. ಮಸ್ಕಿಯ ಅಶೋಕನ ಶಾಸನ ಇರುವ ಗುಡ್ಡವೂ ಕನ್ನಡ ರಾಜ್ಯದ್ದಾಯಿತು.

ತಮ್ಮವರೆಂದು ಮರಾಠವಾಡದವರು ನಾಂದೇಡಿನ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟರು. ಶಿಷ್ಯ ಪಿ.ವಿ. ನರಸಿಂಹರಾವ್ ಪ್ರಧಾನಿಯೇ ಆದರು. ನಮ್ಮಲ್ಲಿ ಸೆಪ್ಟೆಂಬರ್ ೧೭ರಂದು ಧ್ವಜ ಹಾರುತ್ತದೆ, ಭಾಷಣದಲ್ಲಿ ಹೆಸರು ಬಂದರೆ ಬಂತು. ೧೯೭೨ರ ಜನವರಿ ೨೨ರಂದು ಅವರು ತೀರಿಕೊಂಡರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಸಮಾಧಿ ಇದೆ.