ಸೈಕಲ್ ವೀರ ಫೌಸ್ತೋ ಕೊಪ್ಪಿ

ಇಟಲಿ ದೇಶದ ವಾಯವ್ಯ ಭಾಗದಲ್ಲಿ ಪೀಡ್ಮಾಂಟ್ ಎಂಬ ಪ್ರಾಂತವಿದೆ. ಅಲ್ಲಿಯ ಗುಡ್ಡಗಳ ನಡುವೆ ಕಾಸ್ಟೆಲ್ಲಾನಿಯ ಎಂಬುದೊಂದು ಪುಟ್ಟ ಹಳ್ಳಿ. 1927ರಲ್ಲಿ ಆ ಹಳ್ಳಿಯ ಬಾಲಕನೊಬ್ಬನು ಒಂದು ದಿನ ಶಾಲೆಗೆ ಹೋಗಲಿಲ್ಲ. ಮನೆಯ ನೆಲಮಾಳಿಗೆಯಲ್ಲಿ ಬಿದ್ದಿದ್ದ, ತುಕ್ಕು ಹಿಡಿದು ಬ್ರೇಕಿನ ರಬ್ಬರನ್ನೂ ಕಳೆದುಕೊಂಡಿದ್ದ ಸೈಕಲ್ಲೊಂದು ಅವನ ಕಣ್ಣಿಗೆ ಬಿದ್ದಿತ್ತು. ದಿನವೆಲ್ಲ ಅದನ್ನೇರಿ ಅಲೆದನು. ತಾನು ಸೈಕಲ್ ತುಳಿಯುವುದನ್ನು ಬಿಟ್ಟು ಶಾಲೆಯಲ್ಲಿರಬೇಕಾಗಿತ್ತೆಂದು ಮತ್ತೆ ಮತ್ತೆ ಬರೆಯುವ ಶಿಕ್ಷೆ ಅವನ ಪಾಲಿಗೆ ಬಂದಿತು. ಶಿಕ್ಷೆ ನ್ಯಾಯವಾದುದೇ, ಪಾಠ ತಪ್ಪಿಸುವುದನ್ನು ನಾವೂ ಹೊಗಳಲಾರೆವು. ಆದರೆ ಹಾಗೆ ಬರೆದ ಆ ಕೈ, ಮುಂದೆ ಜಗತ್ತಿನ ಅತ್ಯಂತ ಕಠಿಣವಾದ ರಸ್ತೆ ಪಂದ್ಯಗಳಲ್ಲಿ ಸೈಕಲ್ಲಿನ ಹಿಡಿಯನ್ನು ಹಿಡಿದ ಫೌಸ್ತೋ ಕೊಪ್ಪಿಯ ಕೈ.

ಈ ವೀರನ ಚರಿತ್ರೆಯನ್ನು ನಾವು ಇಲ್ಲಿ ಹೇಳಹೊರಟಿರುವುದಕ್ಕೆ ಕಾರಣವುಂಟು. ನಮ್ಮ ವಿದ್ಯಾರ್ಥಿಗಳಲ್ಲಿ ಸೈಕಲ್ ತುಳಿಯಬಲ್ಲವರು ಬಹುಮಂದಿ. ಪಂದ್ಯಕ್ಕೆ ಹೆಸರು ಕೊಡಿರೆಂದರೆ ಮಾತ್ರ ಹಿಂದೆ ಸರಿಯುವವರೇ ಹೆಚ್ಚು. ಪಂದ್ಯದ ಸೈಕಲ್ ಇಲ್ಲವೆಂದು ಒಬ್ಬನೆಂದರೆ, ಮೈಯಲ್ಲಿ ಕಸುವಿಲ್ಲವೆಂದು ಮತ್ತೊಬ್ಬನು. ಕೊನೆಯವರಾಗಿ ಬಂದರೆ ನೋಡಿದವರು ನಕ್ಕಾರೆಂಬ ಅಳುಕು ಎಲ್ಲರಿಗೂ ಉಂಟು. ಇವುಗಳಲ್ಲಿ ಮೊದಲಿನ ಎರಡು ಕೊರತೆಗಳು ಕೊಪ್ಪಿಗೂ ಇದ್ದುವು.

ಅವನು 1919ರ ಸೆಪ್ಟೆಂಬರ್ 15ರಂದು ಬಡ ರೈತ ದಂಪತಿಗಳ ಐವರು ಮಕ್ಕಳಲ್ಲಿ ನಾಲ್ಕನೆಯವನಾಗಿ ಹುಟ್ಟಿದನು. ಬಾಲ್ಯದಲ್ಲಿ ಆರೋಗ್ಯ ಚೆನ್ನಾಗಿರಲಿಲ್ಲ. ಮುಂದೆ ದೊಡ್ಡವನಾದ ಮೇಲೂ ನೆಲದ ಮೇಲೆ ನಡೆಯುವಾಗ ಅವನದು ಕೃಶವಾದ, ಅಂದವಿಲ್ಲದ ಆಕೃತಿ: ಉದ್ದನೆಯ ಕಾಲುಗಳು, ಮುಂದಕ್ಕೆ ಉಬ್ಬಿದ ಎದೆಗೂಡು, ಬಿದ್ದರೆ ಬೇಗನೆ ಮುರಿಯುವ ಮೂಳೆಗಳು. ಸೈಕಲ್ಲಿನ ಮೇಲೆ ಕುಳಿತೊಡನೆ ಆ ವಿಕಾರವೆಲ್ಲ ಮಾಯವಾಗುತ್ತಿತ್ತೆಂದು ಕಂಡವರು ಬರೆದಿದ್ದಾರೆ.

ಹದಿಮೂರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು, ನೋವಿ ಲಿಗುರೆ ಎಂಬ ಪಟ್ಟಣದ ಮಾಂಸದಂಗಡಿಯೊಂದರಲ್ಲಿ ಅವನು ಕೆಲಸಕ್ಕೆ ಸೇರಿದನು. ಗಿರಾಕಿಗಳ ಮನೆಗಳಿಗೆ ಸಾಮಾನನ್ನು ಮುಟ್ಟಿಸುವುದು ಸೈಕಲ್ಲಿನ ಮೇಲೆ. ಗುಡ್ಡದ ಹಾದಿಯಲ್ಲಿ ಊರಿಗೆ ಹೋಗಿಬರುವುದೂ ಅದರ ಮೇಲೆಯೇ. ಈ ದಿನನಿತ್ಯದ ಓಡಾಟವನ್ನು ಯಾರೂ ಅಭ್ಯಾಸವೆಂದು ಕರೆಯಲಿಲ್ಲ. ಆದರೂ ಅದೇ ಅವನ ಗರಡಿಯಾಯಿತು. ನಮ್ಮ ಪೇಟೆಯ ಬೀದಿಗಳಲ್ಲಿ ಹಾಲು, ಪತ್ರಿಕೆಗಳನ್ನು ಸೈಕಲ್ಲಿನಲ್ಲಿ ಹಂಚಿ ಆಮೇಲೆ ತರಗತಿಗೆ ಬರುವ ಬಾಲಕರು ಇದನ್ನು ಗಮನಿಸಬೇಕು. ಅವರು ಆಗಲೇ ಅರ್ಧ ದಾರಿಯನ್ನು ಕ್ರಮಿಸಿದ್ದಾರೆ.

ಅಂಗಡಿಗೆ ಬರುತ್ತಿದ್ದ ಪಂದ್ಯಪಟುಗಳ ಮಾತುಗಳನ್ನು ಕೇಳಿ ಅವನಿಗೂ ಆಸೆ ಹುಟ್ಟಿತು. ಹಡಗಿನಲ್ಲಿ ಉದ್ಯೋಗದಲ್ಲಿದ್ದ ಚಿಕ್ಕಪ್ಪನೊಬ್ಬನು ಹಣವನ್ನು ಕೊಟ್ಟನು, ತಂದೆಯೂ ಸ್ವಲ್ಪ ಸೇರಿಸಿದನು, ಸೈಕಲ್ಲೊಂದು ಬಂದಿತು. ಯಾವ ಸಂಘಕ್ಕೂ ಸೇರದ ಹುಡುಗರ ಒಂದು ಚಿಕ್ಕ ಪಂದ್ಯದಲ್ಲಿ ಅವನು ಮೊದಲು ಓಡಿದನು. ಆಗ ದೊರೆತ ಬಹುಮಾನ 20 ಲೀರಾ ಹಣ ಮತ್ತು ಮಾಂಸ ತುಂಬಿದ ರೊಟ್ಟಿಯ ತುಂಡು ಎಂದು ಚರಿತ್ರಕಾರರು ಹೇಳುತ್ತಾರೆ. 1938ರಲ್ಲಿ ವಿಧಿವತ್ತಾಗಿ ಪರವಾನೆ ಪಡೆದು, ಅಂಗಡಿಗೆ ಸಮೀಪದ ಕಾಸ್ಟೆಲ್ಲೆತ್ತೋ ದೊರ್ಬಾ ಎಂಬಲ್ಲಿ ಗೆದ್ದಾಗ ಬಂದದ್ದು ಒಂದು ಅಲಾರಂ ಗಡಿಯಾರ. ಬಹುಮಾನ ಅಲ್ಪವೇ. ಆದರೆ ಮೊದಲ ಪಂದ್ಯಕ್ಕೆ ಯೋಗ್ಯವಾದ ಕಣ ಇಂತಹುದೇ ಎಂಬುದು ನಮ್ಮ ಅಭಿಪ್ರಾಯ: ಹತ್ತಿರದ ಊರು, ಪರಿಚಿತವಾದ ರಸ್ತೆ, ತನ್ನ ವಯಸ್ಸಿನವರೇ ಆದ ಎದುರಾಳಿಗಳು.

ನೋವಿ ಲಿಗುರೆಯಲ್ಲಿ ಬಿಯಾಜಿಯೋ ಕವನ್ನಾ ಎಂಬ ಅಂಧನೊಬ್ಬನಿದ್ದನು. ಪಂದ್ಯಪಟುಗಳ ಮೈಯನ್ನು ನೀವಿ ಉಪಚರಿಸುವುದು ಅವನ ವೃತ್ತಿ. ಅವನು ಸ್ನಾಯುಗಳನ್ನು ಬೆರಳುಗಳಿಂದ ಮುಟ್ಟಿನೋಡಿಯೇ ಹುಡುಗನ ಸತ್ವವನ್ನು ಅಳೆಯಬಲ್ಲವನಾಗಿದ್ದನು. ಕಣ್ಣುಳ್ಳ ಅನೇಕರು ಕೃಶದೇಹವನ್ನಷ್ಟೇ ಕಂಡಲ್ಲಿ ಕವನ್ನಾ ಭಾವೀ ವೀರನನ್ನು ಕಂಡನು. ಊಟ, ನಿದ್ರೆ, ಅಭ್ಯಾಸ ಎಲ್ಲಕ್ಕೂ ಅವನ ಕಟ್ಟಳೆಯಿತ್ತು. ಕೊಪ್ಪಿ ಅದನ್ನು ಮೀರಲಿಲ್ಲ.

1940ರಲ್ಲಿ ಇಟಲಿಯ ಮಹಾಪಂದ್ಯವಾದ ಜೀರೋ ದ ಇಟಾಲಿಯಾಕ್ಕೆ ಅವನು ಹೋದದ್ದು ಪ್ರಖ್ಯಾತನಾದ ಜೀನೋ ಬಾರ್ತಾಲಿಯ ಸೇವಕನಾಗಿ. ರಸ್ತೆ ಪಂದ್ಯ ಒಬ್ಬೊಬ್ಬರ ಓಟವೆಂದು ತಿಳಿದವರಿಗೆ ಇದು ವಿಚಿತ್ರವೆನಿಸೀತು. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಅವನ ಚಕ್ರದ ಹಿಂದೆಯೇ ಇರುವವನಿಗೆ ಶ್ರಮ ಬಹಳ ಕಡಮೆ. ಆದುದರಿಂದ ತಂಡದವರು ಸರದಿಯಂತೆ ಮುಂದೆ ನಿಂತು ನಾಯಕನನ್ನು ಗಾಳಿಯಿಂದ ಕಾಪಾಡುತ್ತಾರೆ. ಹೊಸಬನು ಕಲಿಯಬೇಕಾದ ಮೊದಲನೆಯ ವಿದ್ಯೆಯೇ ಇದು: ಮುಂದಿನವನ ಚಕ್ರಕ್ಕೆ ತಗಲದೆ, ಅದನ್ನು ಬಿಟ್ಟೂ ಕೊಡದೆ, ಸಮನಾದ ಗತಿಯಲ್ಲಿ ಸಾಗುವುದು. ಆರಂಭದಲ್ಲಿಯೇ ಬಾರ್ತಾಲಿ ನಾಯಿಯೊಂದರಿಂದ ಬಿದ್ದು ಗಾಯಗೊಂಡನು. ಫ್ಲಾರೆನ್ಸಿನಿಂದ ಮೊದೆನಾಕ್ಕೆ ಹೋಗುವ ಹಾದಿಯಲ್ಲಿ, ಅಬೆತೋನೆ ಘಟ್ಟದಲ್ಲಿ, ಕೊಪ್ಪಿ ಎಲ್ಲರನ್ನೂ ಹಿಂದಿಕ್ಕಿದನು. ಜೂನ್ 9ರಂದು ಪಂದ್ಯವು ಮುಗಿದಾಗ ಇಪ್ಪತ್ತು ವರ್ಷದ ಸೇವಕನೇ ವಿಜೇತನಾಗಿದ್ದನು. ಮರುದಿನವೇ ಇಟಲಿ ಮಹಾಯುದ್ಧಕ್ಕೆ ಇಳಿಯಿತು.

ಯುದ್ಧದ ನಡುವೆಯೇ, 1942ರ ನವೆಂಬರಿನಲ್ಲಿ, ಮಿಲಾನಿನ ವಿಗೊರೆಲ್ಲಿ ಕ್ರೀಡಾಂಗಣದಲ್ಲಿ ಒಂದು ಗಂಟೆಯಲ್ಲಿ 45.798 ಕಿಲೋಮೀಟರು ತುಳಿದು ಅವನು ದಾಖಲೆಯನ್ನು ಸ್ಥಾಪಿಸಿದನು. ಹಳೆಯ ದಾಖಲೆಗಿಂತ ಇದು ಕೇವಲ 31 ಮೀಟರು ಹೆಚ್ಚು. ಆದರೂ 1956ರವರೆಗೆ ಯಾರೂ ಇದನ್ನು ಮುರಿಯಲಿಲ್ಲ. ಮುಂದಿನ ವರ್ಷ ಟ್ಯುನೀಸಿಯದ ರಣರಂಗದಲ್ಲಿ ಅವನು ಬ್ರಿಟಿಷರ ಸೆರೆಯಾಳಾದನು. ಯೌವನದ ಅತ್ಯುತ್ತಮ ವರ್ಷಗಳು ಹೀಗೆ ಕಳೆದುವು. 1946ರ ವಸಂತದಲ್ಲಿ ಮಿಲಾನ್ ಸಾನ್ ರೆಮೋ ಪಂದ್ಯವು ನಡೆದಾಗ ಅವನು ಎರಡನೆಯವನಿಗಿಂತ 14 ನಿಮಿಷ ಮುಂಚೆ ಗುರಿಯನ್ನು ಮುಟ್ಟಿದನು.

1949ರ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆ ವರ್ಷದ ಜೀರೋದಲ್ಲಿ ಜೂನ್ 10ರಂದು ಕುನೆಯೋದಿಂದ ಪಿನೆರೋಲೋದವರೆಗೆ 254 ಕಿಲೋಮೀಟರುಗಳ ಹಾದಿ. ನಡುವೆ ಆಲ್ಪ್ಸ್ ಪರ್ವತದ ಐದು ಕಣಿವೆಗಳು. ಅವುಗಳಲ್ಲೊಂದಾದ ಇಜೋವಾರ್ 2,360 ಮೀಟರು ಎತ್ತರದಲ್ಲಿದೆ. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಅಷ್ಟು ಎತ್ತರವಿಲ್ಲ. ಮೊದಲನೆಯ ಏರಿನಲ್ಲಿಯೇ ಹೊರಟ ಕೊಪ್ಪಿ 192 ಕಿಲೋಮೀಟರು ಏಕಾಕಿಯಾಗಿ ಸಾಗಿ, ಬಾರ್ತಾಲಿಗಿಂತ ಸುಮಾರು 12 ನಿಮಿಷ ಮುಂಚಿತವಾಗಿ ಬಂದನು. ಜೀರೋ ಅವನದಾಯಿತು.

ಅದೇ ಬೇಸಗೆಯಲ್ಲಿ ಟೂರ್ ದ ಫ್ರಾನ್ಸ್. ಐದನೆಯ ದಿನ ಅವನು ಬಿದ್ದನು; ಸೈಕಲ್ ಮುರಿಯಿತು. ಬೇರೊಂದು ಬರುವವರೆಗೆ ಅವನು ರಸ್ತೆಯ ಬದಿಯಲ್ಲಿ ನಿಂತನು. ಅಷ್ಟರಲ್ಲಿ ಮನಸ್ಸೂ ಮುರಿದಿತ್ತು. ಒಟ್ಟು ಲೆಕ್ಕದಲ್ಲಿ ಮೊದಲಿಗನಿಗಿಂತ ಅರ್ಧ ಗಂಟೆಗೂ ಮಿಗಿಲಾಗಿ ಹಿಂದೆ ಬಿದ್ದು, ಪಂದ್ಯವನ್ನು ತ್ಯಜಿಸಿ ಊರಿಗೆ ಮರಳುವ ನಿರ್ಧಾರಕ್ಕೆ ಬಂದಿದ್ದನು. ತಂಡದ ಮುಖ್ಯಸ್ಥನಾದ ಆಲ್ಫ್ರೆದೋ ಬಿಂದಾ ಅವನನ್ನು ಸಮಾಧಾನಪಡಿಸಿ ಹೇಗೋ ಉಳಿಸಿಕೊಂಡನು. ಪರ್ವತಗಳು ಬಂದುವು, ಅಂತರ ಕರಗಿತು, ಪ್ಯಾರಿಸ್ಸಿನಲ್ಲಿ ಕೊಪ್ಪಿ ಮೊದಲಿಗನು, ಬಾರ್ತಾಲಿ ಎರಡನೆಯವನು. ಒಂದೇ ವರ್ಷದಲ್ಲಿ ಈ ಎರಡು ಮಹಾಪಂದ್ಯಗಳನ್ನೂ ಗೆದ್ದವರಲ್ಲಿ ಅವನೇ ಪ್ರಥಮನು. 1952ರಲ್ಲಿ ಅದನ್ನೇ ಪುನಃ ಸಾಧಿಸಿದನು. 1953ರಲ್ಲಿ ವಿಶ್ವವಿಜೇತನೂ ಆದನು.

ಕೀರ್ತಿಯೊಡನೆ ದುಃಖವೂ ಬಂದಿತು. ಅವನ ತಮ್ಮ ಸೆರ್ಸೆಯೂ ಪಂದ್ಯಪಟು. 1951ರ ಜೂನಿನಲ್ಲಿ ತೂರಿನ್ ನಗರದ ಟ್ರಾಮಿನ ಹಳಿಯಲ್ಲಿ ಚಕ್ರ ಸಿಕ್ಕಿ ಸೆರ್ಸೆ ಬಿದ್ದನು. ಎದ್ದು ವಸತಿಗೂ ಹೋದನು; ಆದರೆ ತಲೆಯೊಳಗೆ ರಕ್ತಸ್ರಾವವಾಗಿ ಅಂದೇ ತೀರಿಕೊಂಡನು. ಆಗ ರಸ್ತೆ ಪಂದ್ಯಗಳಲ್ಲಿ ಗಟ್ಟಿಯಾದ ಶಿರಸ್ತ್ರಾಣದ ಕಡ್ಡಾಯವಿರಲಿಲ್ಲ. ವೃತ್ತಿಪರರಿಗೆ ಅದು ಬಂದದ್ದು 2003ರಲ್ಲಿ. ಹೆಲ್ಮೆಟ್ಟಿಲ್ಲದೆ ಅಭ್ಯಾಸಕ್ಕೆ ಹೊರಡುವ ಹುಡುಗನನ್ನು ಪಂದ್ಯಕ್ಕೆ ಕಳುಹಿಸಲು ನಾವು ಒಪ್ಪುವುದಿಲ್ಲ. ಕೊಪ್ಪಿಯ ಸಂಸಾರದಲ್ಲಿ ಎದ್ದ ಬಿರುಗಾಳಿಯನ್ನು ಇಲ್ಲಿ ವಿವರಿಸುವುದು ಅನಾವಶ್ಯಕ. ಉದ್ದೀಪಕ ಔಷಧಿಗಳನ್ನು ಸೇವಿಸಿದುದನ್ನು ಅವನು ಮರೆಮಾಚಲಿಲ್ಲವೆಂಬುದನ್ನು ಮಾತ್ರ ಹೇಳಬೇಕು. ಅಂದು ಅದು ನಿಷಿದ್ಧವಾಗಿರಲಿಲ್ಲ. ಆದರೂ ಅವನಿಂದ ನಮ್ಮ ಹುಡುಗರು ಕಲಿಯಬಾರದ ವಿಷಯವೆಂದರೆ ಇದೊಂದು.

ಘಟ್ಟದ ಪಂದ್ಯ ನಮ್ಮ ಭಾಗಕ್ಕೂ ಅಪರಿಚಿತವಲ್ಲ. ಮುಂಬಯಿ ಪುಣೆ ಸೈಕಲ್ ಪಂದ್ಯದಲ್ಲಿ ಬೋರಘಾಟನ್ನು ಮೊದಲು ಏರಿದವನಿಗೆ ಘಾಟಿನ ರಾಜನೆಂಬ ಬಿರುದುಂಟು. ವಿಜಯಪುರ, ಬಾಗಲಕೋಟೆಗಳ ಕಡೆಯ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. ನಮ್ಮ ತರಗತಿಗಳಲ್ಲಿ ಆ ಸೀಮೆಯ ಮಕ್ಕಳಿಗೇನೂ ಕೊರತೆಯಿಲ್ಲ!

1959ರ ಡಿಸೆಂಬರಿನಲ್ಲಿ ಕೊಪ್ಪಿ ಫ್ರೆಂಚ್ ಗೆಳೆಯ ಜೆಮಿನಿಯಾನಿಯೇ ಮೊದಲಾದವರೊಡನೆ ಆಫ್ರಿಕದ ಅಪ್ಪರ್ ವೋಲ್ಟಾ ದೇಶಕ್ಕೆ, ಇಂದಿನ ಬುರ್ಕಿನಾ ಫಾಸೋವಿಗೆ, ಪಂದ್ಯಕ್ಕೂ ಬೇಟೆಗೂ ಹೋದನು. ಮರಳಿದ ಮೇಲೆ ಇಬ್ಬರಿಗೂ ಜ್ವರ ಬಂದಿತು. ಫ್ರಾನ್ಸಿನ ವೈದ್ಯರು ಮಲೇರಿಯವೆಂದು ಗುರುತಿಸಿದರು; ಜೆಮಿನಿಯಾನಿ ಬದುಕಿದನು. ಇಟಲಿಯ ವೈದ್ಯರು ಬೇರೆ ರೋಗವೆಂದು ತಿಳಿದರು. ಸೊಳ್ಳೆಗೂ ಆ ಜ್ವರಕ್ಕೂ ಇರುವ ನಂಟನ್ನು ನಮ್ಮ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ 1897ರಲ್ಲಿಯೇ ಕಂಡುಹಿಡಿದಿದ್ದನು. ಅದಕ್ಕೆ ಮದ್ದೂ ಇತ್ತು. ಆದರೂ 1960ರ ಜನವರಿ 2ರಂದು, ನಲವತ್ತನೆಯ ವಯಸ್ಸಿನಲ್ಲಿ, ಕೊಪ್ಪಿ ತೊರ್ತೋನಾ ಪಟ್ಟಣದಲ್ಲಿ ಮೃತನಾದನು.

ಹುಟ್ಟಿದ ಊರಿನಲ್ಲಿಯೇ ಅವನ ಸಮಾಧಿಯಿದೆ. ಅವನ ಜನ್ಮಶತಾಬ್ದಿಯಾದ 2019ರಲ್ಲಿ ಆ ಹಳ್ಳಿ ತನ್ನ ಹೆಸರನ್ನು ಕಾಸ್ಟೆಲ್ಲಾನಿಯ ಕೊಪ್ಪಿ ಎಂದು ಬದಲಾಯಿಸಿಕೊಂಡಿತು. ಜೀರೋ ಪಂದ್ಯದ ಹಾದಿಯಲ್ಲಿ ಆಯಾ ವರ್ಷ ಬರುವ ಅತಿ ಎತ್ತರದ ಕಣಿವೆಗೆ 1965ರಿಂದ ಕೊಪ್ಪಿಯ ಶಿಖರವೆಂದು ಹೆಸರು. ಅದನ್ನು ಮೊದಲು ದಾಟಿದವನಿಗೆ ಪ್ರತ್ಯೇಕವಾದ ಬಹುಮಾನವಿದೆ.